ಮೊದಲು ಹತ್ತಿರ, ಆಮೇಲೆ ಶುದ್ಧಿ

ಕೇಳುಗರೆಲ್ಲರಿಗೂ ನಮಸ್ಕಾರ.

ಜೂನ್ ಅಂದರೆ ಮಲೆನಾಡಿನಲ್ಲಿ ಮಳೆ, ಮಕ್ಕಳಿಗೆ ಕೊಡೆ, ತೋಟಕ್ಕೆ ಕೊಳೆರೋಗದ ಚಿಂತೆ. ಕಥೋಲಿಕ ಕ್ರೈಸ್ತರ ಮನೆಗಳಲ್ಲಿ ಇನ್ನೂ ಒಂದಿದೆ. ಇದು ಯೇಸುವಿನ ಪವಿತ್ರ ಹೃದಯದ ತಿಂಗಳು. ಶಿವಮೊಗ್ಗದ ಬಿ.ಎಚ್. ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಿರುವ ದೊಡ್ಡ ಚರ್ಚಿನ ಹೆಸರೂ ಅದೇ, ಸೇಕ್ರೆಡ್ ಹಾರ್ಟ್. ಶಿವಮೊಗ್ಗ ಧರ್ಮಕ್ಷೇತ್ರ, ಅಂದರೆ ಒಬ್ಬ ಬಿಷಪ್ಪರ ಆಡಳಿತಕ್ಕೆ ಸೇರಿದ ಪ್ರದೇಶ, ಆದದ್ದು 1988ರಲ್ಲಿ. ಅದರ ಪ್ರಧಾನ ದೇವಾಲಯ ಇದು. ಹಾಗಾಗಿ ಇವತ್ತು ಹೃದಯದ ಮಾತನ್ನೇ ಆಡೋಣ ಅಂದುಕೊಂಡಿದ್ದೇನೆ.

ಯೇಸು ಬೆಟ್ಟದ ಮೇಲೆ ಕುಳಿತು ಮಾಡಿದ ಉಪದೇಶದಲ್ಲಿ ಒಂದು ಮಾತು ಬರುತ್ತದೆ. ಹೃದಯ ನಿರ್ಮಲವಾಗಿರುವವರು ಧನ್ಯರು, ಅವರು ದೇವರನ್ನು ಕಾಣುತ್ತಾರೆ ಎಂದು. ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ ಐದನೇ ಅಧ್ಯಾಯದಲ್ಲಿದೆ. ಕೇಳುವುದಕ್ಕೆ ಎಷ್ಟು ಚೆಂದ! ಆದರೆ ಕೇಳಿದವರಲ್ಲಿ ಮುಕ್ಕಾಲು ಪಾಲು ಜನ ಒಳಗೊಳಗೇ ಅಂದುಕೊಳ್ಳುವುದು ಒಂದೇ, 'ಇದು ನನಗಲ್ಲ.' ಸಂತರಿಗೆ ಇರಬಹುದು, ಮಠದ ಸಿಸ್ಟರ್‌ಗಳಿಗೆ ಇರಬಹುದು. ಬೆಳಿಗ್ಗೆ ಎದ್ದರೆ ಸಾಲ, ಕೂಲಿ, ಮಗಳ ಮದುವೆ ಅಂತ ತಲೆ ಕೆಡಿಸಿಕೊಂಡವನಿಗೆ ಎಲ್ಲಿಯ ನಿರ್ಮಲ ಹೃದಯ?

ಚರ್ಚಿನ ಹಿಂದಿನ ಬಾಗಿಲ ಹತ್ತಿರ ನಿಂತು ಪೂಜೆ ಕೇಳುವ ಗಂಡಸರನ್ನು ನೀವು ನೋಡಿರಬಹುದು. ಚಪ್ಪಲಿ ಬಿಟ್ಟಿರುತ್ತಾರೆ, ಒಳಗೆ ಬಂದಿರುವುದಿಲ್ಲ. ಪರಮಪ್ರಸಾದದ, ಅಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿ ಕೊಡುವ ಹೊತ್ತಿಗೆ ಎಲ್ಲರೂ ಸಾಲು ಹಿಡಿದರೆ ಇವರು ಮಳೆ ನೋಡುತ್ತಾ ನಿಲ್ಲುತ್ತಾರೆ. ಯಾಕಣ್ಣ ಅಂದರೆ, "ಇನ್ನೂ ಸರಿ ಆಗಿಲ್ಲ. ಕುಡಿಯೋದು ಬಿಡ್ತೀನಿ, ಆಮೇಲೆ ಬರ್ತೀನಿ" ಅನ್ನುತ್ತಾರೆ. ಆ ಮಾತಿನಲ್ಲಿ ಒಂದು ಪ್ರಾಮಾಣಿಕತೆ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಅವರು ಹಿಡಿದ ಕ್ರಮ ತಿರುಗುಮುರುಗಾಗಿದೆ. ಮೊದಲು ಶುದ್ಧಿ, ಆಮೇಲೆ ದೇವರ ಹತ್ತಿರ ಅನ್ನುವುದು ಅವರ ಲೆಕ್ಕ. ಶುಭಸಂದೇಶದ ಲೆಕ್ಕ ಬೇರೆ.

ಜಕ್ಕಾಯನ ಕಥೆ ಗೊತ್ತಲ್ವಾ? ಲೂಕನು ಬರೆದದ್ದು. ಯೆರಿಕೋ ಪಟ್ಟಣದ ಸುಂಕದವರ ಮುಖ್ಯಸ್ಥ, ಒಳ್ಳೆ ಕುಳ. ರೋಮನ್ನರ ಪರವಾಗಿ ಸುಂಕ ಎತ್ತುವವರು ತಮ್ಮ ಜೇಬಿಗೂ ಸೇರಿಸಿ ಎತ್ತುತ್ತಿದ್ದ ಕಾಲ. ಊರಿಗೆ ಊರೇ ಅವನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಆಳು ಕುಳ್ಳ. ಯೇಸು ಬರುವ ದಾರಿಯಲ್ಲಿ ಜನಜಂಗುಳಿ, ಏನೂ ಕಾಣದು. ಓಡಿ ಹೋಗಿ ಅತ್ತಿಯ ಜಾತಿಯ ಒಂದು ಮರ ಹತ್ತಿ ಕುಳಿತ. ಯೇಸು ಆ ಮರದ ಬುಡಕ್ಕೆ ಬಂದು ತಲೆ ಎತ್ತಿ, ಬೇಗ ಇಳಿದು ಬಾ, ಇವತ್ತು ನಾನು ನಿನ್ನ ಮನೆಯಲ್ಲೇ ಉಳಿಯಬೇಕು ಅಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಮಾತು ಬಂದಾಗ ಜಕ್ಕಾಯ ಇನ್ನೂ ಏನೂ ಬಿಟ್ಟಿಲ್ಲ. ಒಂದು ಕಾಸೂ ವಾಪಸ್ ಕೊಟ್ಟಿಲ್ಲ. ಕ್ಷಮಿಸು ಅಂತ ಕೂಡ ಅಂದಿಲ್ಲ. ಸುಮ್ನೆ ಮರದ ಮೇಲೆ ಕುಳಿತಿದ್ದಾನೆ ಅಷ್ಟೇ. 'ಮೊದಲು ಲೆಕ್ಕ ಚುಕ್ತಾ ಮಾಡು, ಆಮೇಲೆ ಊಟಕ್ಕೆ ಬರ್ತೀನಿ' ಅಂತ ಯೇಸು ಹೇಳಲೇ ಇಲ್ಲ. ಊರವರು ಗೊಣಗಿದರು, ಪಾಪಿಯ ಮನೆಗೆ ಹೋದನಲ್ಲ ಅಂತ. ಜಕ್ಕಾಯ ಎದ್ದು ನಿಂತದ್ದು ಆಮೇಲೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರಿಂದ ಮೋಸಮಾಡಿ ಕಿತ್ತಿದ್ದೇನೋ ಅವರಿಗೆ ನಾಲ್ಕರಷ್ಟು ಅಂದ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ತಾನಾಗಿ ತಪ್ಪೊಪ್ಪಿಕೊಂಡವನು ಕೊಡಬೇಕಾದದ್ದು ಅಸಲು ಮತ್ತು ಅದರ ಐದನೇ ಒಂದು ಭಾಗ. ಕುರಿ ಕದ್ದು ಕೊಯ್ದು ತಿಂದವನಿಗೆ ಮಾತ್ರ ನಾಲ್ಕರಷ್ಟು ದಂಡ. ಜಕ್ಕಾಯ ಯಾರೂ ಕೇಳದಿದ್ದರೂ ಕಳ್ಳನ ದಂಡವನ್ನು ತಾನೇ ಹಾಕಿಕೊಂಡ. ದೇವರು ಮನೆಗೆ ಬಂದದ್ದರಿಂದ ಕೈ ಬಿಚ್ಚಿತು. ಕೈ ಬಿಚ್ಚಿದ್ದಕ್ಕೆ ದೇವರು ಬಂದದ್ದಲ್ಲ.

ಯಾಕೋಬನ ಪತ್ರದಲ್ಲೂ ಇದೇ ಕ್ರಮ. ದೇವರ ಹತ್ತಿರ ಬನ್ನಿ, ಆತನೂ ನಿಮ್ಮ ಹತ್ತಿರ ಬರುತ್ತಾನೆ ಅನ್ನುವುದು ಮೊದಲು. ಕೈ ತೊಳೆದುಕೊಳ್ಳಿ, ಎರಡು ಮನಸ್ಸಿನವರೇ ಹೃದಯ ಶುದ್ಧಮಾಡಿಕೊಳ್ಳಿ ಅನ್ನುವುದು ಅದರ ಬೆನ್ನಿಗೆ. ಎರಡು ಮನಸ್ಸು! ಕೊಳೆ ಅಂದರೆ ಏನು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಕೆಟ್ಟ ಯೋಚನೆ ಎಲ್ಲರ ತಲೆಗೂ ಬರುತ್ತದೆ. ಒಂದು ಮನಸ್ಸನ್ನು ದೇವರಿಗೆ ತೋರಿಸಿ, ಇನ್ನೊಂದನ್ನು ಬಚ್ಚಿಟ್ಟುಕೊಳ್ಳುತ್ತೇವಲ್ಲ, ಅಲ್ಲಿ ಕೊಳೆಯುತ್ತದೆ.

ಅಂತರಂಗ ಶುದ್ಧಿಯ ಮಾತು ಈ ಜಿಲ್ಲೆಗೆ ಹೊಸದೇನಲ್ಲ ಬಿಡಿ. ಉಡುತಡಿ, ಬಳ್ಳಿಗಾವಿ ಎರಡೂ ನಮ್ಮ ಶಿಕಾರಿಪುರ ತಾಲೂಕಿನಲ್ಲೇ ಇವೆ. ಅಕ್ಕನ, ಅಲ್ಲಮನ ಊರಿನವರಿಗೆ ನಾನು ಪಾಠ ಹೇಳಬೇಕಾಗಿಲ್ಲ.

ನಮ್ಮ ಚರ್ಚುಗಳ ಬಗ್ಗೆ ಮಾತ್ರ ಒಂದು ದೂರು ಇದೆ, ಹೇಳಿಬಿಡುತ್ತೇನೆ. ಶುದ್ಧತೆ ಅಂದ ಕೂಡಲೇ ನಮ್ಮ ಪ್ರಸಂಗಗಳು ಹರೆಯದ ಹುಡುಗ ಹುಡುಗಿಯರ ಕಡೆ ತಿರುಗುತ್ತವೆ. ಮೊಬೈಲ್, ಸಿನಿಮಾ, ಬಟ್ಟೆ. ಅದೂ ಬೇಕು. ಆದರೆ ಮಾರ್ಕನ ಶುಭಸಂದೇಶದ ಏಳನೇ ಅಧ್ಯಾಯ ತೆಗೆದು ನೋಡಿ. ಹೊರಗಿಂದ ಒಳಗೆ ಹೋಗುವುದು ಮನುಷ್ಯನನ್ನು ಕೆಡಿಸದು, ಹೃದಯದಿಂದ ಹೊರಬರುವುದು ಕೆಡಿಸುತ್ತದೆ ಎಂದು ಯೇಸು ಒಂದು ಪಟ್ಟಿಯನ್ನೇ ಕೊಡುತ್ತಾನೆ. ಅದರಲ್ಲಿ ವ್ಯಭಿಚಾರ ಇದೆ, ಕೊಲೆ ಇದೆ. ಅದೇ ಉಸಿರಿನಲ್ಲಿ ದುರಾಸೆ, ಮೋಸ, ಹೊಟ್ಟೆಕಿಚ್ಚು, ಚಾಡಿ, ಸೊಕ್ಕು ಇವೆ. ಪೂಜೆ ಮುಗಿಸಿ ಮೆಟ್ಟಿಲ ಮೇಲೆ ನಿಂತು ಕೊಡೆ ಬಿಚ್ಚುವಷ್ಟರಲ್ಲಿ ಇನ್ನೊಬ್ಬರ ಮನೆ ಸೊಸೆಯ ಬಗ್ಗೆ ನಾಲ್ಕು ಮಾತು ಆಡುವ ಹಿರಿಯರೂ ಆ ಪಟ್ಟಿಯಲ್ಲಿದ್ದಾರೆ.

ಇನ್ನು ಉಪವಾಸದ ವಿಷಯ. 4ನೇ ಶತಮಾನದ ಕೊನೆಯಲ್ಲಿ ಕ್ಯಾಸಿಯನ್ ಎಂಬ ಯುವಕ ಗೆಳೆಯನೊಬ್ಬನ ಜೊತೆ ಈಜಿಪ್ಟಿನ ಮರಳುಗಾಡಿಗೆ ಹೋದ. ಅಲ್ಲಿ ಮೋಸೆಸ್ ಎಂಬ ಹಿರಿಯ ಸನ್ಯಾಸಿ ಇದ್ದರು. ಅವರು ಇವರನ್ನೇ ಕೇಳಿದರು, ನಿಮ್ಮ ಗುರಿ ಏನು? ಸ್ವರ್ಗರಾಜ್ಯ ಅಂದರು ಇಬ್ಬರೂ. ಸರಿ, ಅದಕ್ಕೆ ಮುಂಚೆ ಕಣ್ಣಿಗೆ ಕಾಣುವಂಥ ಹತ್ತಿರದ ಗುರಿ? ಇಬ್ಬರೂ ತೆಪ್ಪಗಾದರು. ಹಿರಿಯರು ರೈತನ ಕಡೆ ಕೈ ತೋರಿಸಿದರು. ಅವನಿಗೆ ಬೇಕಾದದ್ದು ಸುಗ್ಗಿ, ಆದರೆ ದಿನಾ ಅವನ ಕಣ್ಣು ಇರುವುದು ಹೊಲದ ಮುಳ್ಳು, ಕಳೆಯ ಮೇಲೆ. ಹಾಗೆ, ಹೃದಯ ಹಸನಾಗಿಟ್ಟುಕೊಳ್ಳುವುದು ನಮ್ಮ ಹತ್ತಿರದ ಗುರಿ ಅಂದರು. ಉಪವಾಸ, ಜಾಗರಣೆ, ಬಡತನ ಎಲ್ಲ ಅದಕ್ಕೆ ಸಾಧನ. ಗುದ್ದಲಿ ಇದ್ದ ಹಾಗೆ. ಗುದ್ದಲಿಗೇ ಪೂಜೆ ಮಾಡಿ ಮೂಲೆಗಿಟ್ಟರೆ ಕಳೆ ಹೋಗದು.

ಅದೇ ಮಾತುಕತೆಯಲ್ಲಿ ಇನ್ನೊಂದು ಬರುತ್ತದೆ, ನನಗೆ ತುಂಬ ಇಷ್ಟ. ದೊಡ್ಡ ದೊಡ್ಡ ಆಸ್ತಿ ಬಿಟ್ಟು ಮರಳುಗಾಡಿಗೆ ಬಂದವರು, ಒಂದು ಚಿಕ್ಕ ಚಾಕುವಿಗೆ, ಸೂಜಿಗೆ, ಬರೆಯುವ ಲೇಖನಿಗೆ ಸಿಟ್ಟಾಗಿ ಒದ್ದಾಡುವುದನ್ನು ನೋಡಿದ್ದೇವೆ ಎಂದು. ಸಾವಿರದ ಆರುನೂರು ವರ್ಷದ ಹಿಂದಿನ ಮಾತು! ನಮ್ಮ ಕಡೆ ಒಬ್ಬರಿದ್ದರು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನ ಮೀನು ಮಾಂಸ ಮುಟ್ಟುವವರಲ್ಲ. ಶುಭ ಶುಕ್ರವಾರ ತೊಟ್ಟು ನೀರೂ ಇಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಪಕ್ಕದ ಮನೆಯವರು ಇವರ ಮೆಟ್ಟುಗತ್ತಿ ಒಯ್ದರು. ಮಣೆಗೆ ಕೂರಿಸಿದ ಬಾಗಿದ ಅಲಗು ನೋಡಿ, ವಾಪಸ್ ಬರುವಾಗ ತುದಿ ಮುಕ್ಕಾಗಿತ್ತು. ಅವತ್ತಿಂದ ಎರಡು ಮನೆಗೂ ಮಾತಿಲ್ಲ. ನಲವತ್ತು ದಿನ ಮೀನು ಬಿಟ್ಟವರಿಗೆ ಒಂದು ಮುಕ್ಕು ಅಲಗು ಬಿಡಲಾಗಲಿಲ್ಲ.

ಈಗ ಆ ಪವಿತ್ರ ಹೃದಯದ ಪಟಕ್ಕೆ ಬರುತ್ತೇನೆ. ಕಥೋಲಿಕರ ಮನೆಗೆ ಹೋದರೆ ಹಾಲಿನ ಗೋಡೆಯ ಮೇಲೆ ಕಾಣುತ್ತದೆ, ಕೆಳಗೆ ಪುಟ್ಟ ಕೆಂಪು ಬಲ್ಬು. 17ನೇ ಶತಮಾನದ ಫ್ರಾನ್ಸಿನಲ್ಲಿ ಮಾರ್ಗರೆಟ್ ಮೇರಿ ಎಂಬ ಸನ್ಯಾಸಿನಿಗೆ ಆದ ದರ್ಶನಗಳಿಂದ ಈ ಭಕ್ತಿ ಊರೂರಿಗೆ ಹರಡಿತು. 1856ರಲ್ಲಿ ಪೋಪ್ 9ನೇ ಪಿಯುಸ್ ಇದನ್ನು ಇಡೀ ಧರ್ಮಸಭೆಯ ಹಬ್ಬ ಮಾಡಿದರು. ಪಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಹೃದಯ ಎದೆಯ ಒಳಗಿಲ್ಲ, ಹೊರಗಿದೆ. ಸುತ್ತ ಮುಳ್ಳಿನ ಬಳ್ಳಿ. ಪಕ್ಕದಲ್ಲಿ ಈಟಿ ತಿವಿದ ಗಾಯ. ಮೇಲೆ ಬೆಂಕಿ, ಬೆಂಕಿಯ ನಡುವೆ ಶಿಲುಬೆ. ಯಾರೂ ಮುಟ್ಟದ, ಗೀರು ಬೀಳದ ಹೃದಯವಲ್ಲ ಅದು. ಮುಚ್ಚಿಟ್ಟದ್ದೂ ಅಲ್ಲ. ಶುದ್ಧ ಹೃದಯ ಅಂದರೆ ನೋವಾಗದಂತೆ ಬಾಗಿಲು ಹಾಕಿಕೊಂಡ ಹೃದಯ ಎಂದು ತಿಳಿದವರು ಆ ಪಟವನ್ನು ಸರಿಯಾಗಿ ನೋಡಿಲ್ಲ ಅಂತಲೇ ನನ್ನ ಅಭಿಪ್ರಾಯ. ಎಷ್ಟೋ ಜನ ಹತ್ತಿರದವರಿಂದ ಪೆಟ್ಟು ತಿಂದು, ಇನ್ನು ಯಾರ ಸಹವಾಸವೂ ಬೇಡ, ನಾನಾಯಿತು ನನ್ನ ಜಪಮಾಲೆಯಾಯಿತು ಅಂತ ಕೂರುತ್ತಾರೆ. ಅದು ದಣಿವು. ದಣಿವನ್ನು ದೇವರು ಅರ್ಥಮಾಡಿಕೊಳ್ಳುತ್ತಾನೆ, ಆದರೆ ಅದಕ್ಕೆ ಶುದ್ಧಿ ಅಂತ ಹೆಸರಿಡುವುದು ಬೇಡ.

ದಿನದಿನದ ರೂಢಿಗೆ ಏನು ಮಾಡಬಹುದು? ಸಂತ ಇಗ್ನೇಷಿಯಸ್ 16ನೇ ಶತಮಾನದಲ್ಲಿ ಕಲಿಸಿದ ಆತ್ಮಶೋಧನೆ ಇದೆ. ದಿನದ ಕೊನೆಗೆ ಹತ್ತು ಹದಿನೈದು ನಿಮಿಷ ಸಾಕು. ಹೆಚ್ಚಿನವರು ಅದನ್ನು ತಪ್ಪುಗಳ ಪಟ್ಟಿ ಅಂದುಕೊಂಡಿದ್ದಾರೆ. ಆದರೆ ಅದರ ಮೊದಲ ಹೆಜ್ಜೆ ಕೃತಜ್ಞತೆ. ಇವತ್ತು ಸಿಕ್ಕ ಒಳ್ಳೆಯದಕ್ಕೆಲ್ಲ ವಂದನೆ ಹೇಳಿ, ಆಮೇಲೆ ಬೆಳಕು ಕೊಡು ಅಂತ ಕೇಳಿ, ಆಮೇಲಷ್ಟೇ ಬೆಳಿಗ್ಗೆಯಿಂದ ನಡೆದದ್ದನ್ನು ಒಂದೊಂದಾಗಿ ನೋಡುವುದು. ಕ್ಷಮೆ ಕೇಳುವುದು, ನಾಳೆಯ ನಿರ್ಧಾರ ಮಾಡುವುದು ಕೊನೆಗೆ. ಇಲ್ಲೂ ಅದೇ ಕ್ರಮ ಅಲ್ವಾ? ಮೊದಲು ಹತ್ತಿರ ಹೋಗಿ ಕೂರು, ಕೊಳೆ ಆಮೇಲೆ ಕಾಣುತ್ತದೆ. ಕತ್ತಲಲ್ಲಿ ಬಟ್ಟೆ ಒಗೆದರೆ ಕಲೆ ಎಲ್ಲಿದೆ ಅಂತ ಯಾರಿಗೆ ಗೊತ್ತು?

ಒಬ್ಬರು ಕೇಳಬಹುದು, ಬಲಿಪೀಠಕ್ಕೆ ತಂದ ಕಾಣಿಕೆಯನ್ನು ಅಲ್ಲೇ ಬಿಟ್ಟು, ಮೊದಲು ಸಹೋದರನ ಹತ್ತಿರ ಹೋಗಿ ಒಂದಾಗು ಅಂತ ಯೇಸುವೇ ಹೇಳಿದ್ದಾನಲ್ಲ, ಅಲ್ಲಿ ಶುದ್ಧಿ ಮೊದಲಾಗಲಿಲ್ಲವೇ ಎಂದು. ಒಳ್ಳೆಯ ಪ್ರಶ್ನೆ. ಆ ವಾಕ್ಯವನ್ನು ನಿಧಾನವಾಗಿ ಓದಿದರೆ, ಕಾಣಿಕೆ ತಂದವನು ಆಗಲೇ ಬಲಿಪೀಠದ ಮುಂದೆ ನಿಂತಿದ್ದಾನೆ. ಸಹೋದರನ ನೆನಪು ಬರುವುದು ಅಲ್ಲಿ. ಮನೆಯಲ್ಲಿದ್ದಾಗ ಬರಲಿಲ್ಲ, ದಾರಿಯಲ್ಲೂ ಬರಲಿಲ್ಲ. ದೇವರ ಹತ್ತಿರ ಬಂದಾಗ ಬಂತು. ಇನ್ನೂ ಒಂದಿದೆ. ನಿನಗೆ ಅವನ ಮೇಲೆ ಸಿಟ್ಟಿದ್ದರೆ ಎಂದಿಲ್ಲ, ಅವನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದಿದೆ. ಯಾರದು ಸರಿ ಎಂಬ ಪಂಚಾಯಿತಿಯೇ ಇಲ್ಲ.

ಯೇಸು ಇದನ್ನು ಹೇಳಿದ್ದು ಗಲಿಲಾಯದ ಜನಕ್ಕೆ. ಬಲಿಪೀಠ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಶಿವಮೊಗ್ಗದಿಂದ ತೀರ್ಥಹಳ್ಳಿ ದಾಟಿ, ಆಗುಂಬೆ ಘಾಟಿ ಇಳಿದು ಹೆಬ್ರಿ ಮುಟ್ಟಿದ ಹಾಗೆ, ಅದೂ ನಡೆದುಕೊಂಡು. ಕಾಣಿಕೆ ಅಲ್ಲೇ ಬಿಟ್ಟು ಅಷ್ಟು ದೂರ ವಾಪಸ್ ಹೋಗಿ, ಒಂದಾಗಿ, ಮತ್ತೆ ಬಂದು ಅರ್ಪಿಸು ಅನ್ನುತ್ತಾನೆ. ಕೇಳಿದವರ ಕಾಲು ಆ ಕ್ಷಣವೇ ಸೋತಿರಬೇಕು.

ನಮಗೆ ಅಷ್ಟು ದೂರವಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಣ್ಣ ತಮ್ಮಂದಿರ ನಡುವೆ ಇರುವುದು ಒಂದು ಬೇಲಿ, ಒಂದು ಅಗಳು, ಸರ್ವೆ ಆಗದ ನಾಲ್ಕು ಗುಂಟೆ ಜಾಗ. ಭಾನುವಾರ ಪೂಜೆಯಲ್ಲಿ ಒಬ್ಬರಿಗೊಬ್ಬರು ಶಾಂತಿ ಕೋರುವ ಗಳಿಗೆ ಬರುತ್ತದೆ. ಎಲ್ಲರೂ ಕೈ ಮುಗಿಯುತ್ತಾರೆ. ತಮ್ಮ ಮುಂದಿನ ಬೆಂಚಿಗೆ ಮುಗಿಯುತ್ತಾನೆ, ಹಿಂದಕ್ಕೆ ತಿರುಗಿ ಮುಗಿಯುತ್ತಾನೆ, ಬಲಕ್ಕೆ ಮುಗಿಯುತ್ತಾನೆ. ಎಡಗಡೆ ಸಾಲಿನಲ್ಲಿ ಅಣ್ಣನ ಸಂಸಾರ ಕೂತಿದೆ. ಕುತ್ತಿಗೆ ಅಲ್ಲಿಗೆ ತಿರುಗುವುದಿಲ್ಲ. ಅಣ್ಣನ ಚಿಕ್ಕ ಮಗಳು ಮಾತ್ರ ಚಿಕ್ಕಪ್ಪನ ಕಡೆಗೇ ಕೈ ಮುಗಿದುಕೊಂಡು ನಿಂತಿರುತ್ತಾಳೆ, ಅವಳಮ್ಮ ಭುಜ ಹಿಡಿದು ತಿರುಗಿಸುವವರೆಗೆ.

ಹೋಗಿ ಬಾಗಿಲು ತಟ್ಟಿದರೆ ಅಣ್ಣ ತೆಗೆಯುತ್ತಾನೋ ಇಲ್ಲವೋ. ತೆಗೆಯದಿದ್ದರೆ ಏನು ಮಾಡಬೇಕು ಅಂತ ಆ ವಾಕ್ಯದಲ್ಲಿ ಇಲ್ಲ. ಹೋಗು ಅಂತ ಇದೆ. ಬೇಲಿಯ ಲೆಕ್ಕ ಸರ್ವೆಯವರು ಬಂದಾಗ ನೋಡಿಕೊಳ್ಳಬಹುದು. ಇವತ್ತು ಗುರುವಾರ, ಭಾನುವಾರದ ಪೂಜೆಗೆ ಇನ್ನೂ ಮೂರು ದಿನ ಇದೆ.

ನಮಸ್ಕಾರ.