ಕ್ಯಾಮೆರಾ ಫ್ಲ್ಯಾಶಿನಲ್ಲಿ ಯಾವ ಭಾಗ ಬೇಡ?

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸದ್ದು ಕೇಳಿಸಿಬಿಡ್ತೇನೆ. ಇದನ್ನು ಮೈಕ್ ಹತ್ತಿರ ಹಿಡಿಯುತ್ತೇನೆ, ಸ್ವಲ್ಪ ಸುಮ್ಮನಿರಿ. ಕುಂಯ್ ಅಂತ ಶುರುವಾಯಿತು, ಏರುತ್ತಾ ಹೋಯಿತು, ಈಗ ಸೊಳ್ಳೆ ಸದ್ದಿನ ಹಾಗೆ ತೆಳ್ಳಗಾಗಿ ನಿಂತೇ ಹೋಯಿತು. ರೀಲ್ ಕ್ಯಾಮೆರಾ ಹಿಡಿದವರಿಗೆ ಇದು ಹಳೆ ಪರಿಚಯ. ಇದು ಫ್ಲ್ಯಾಶ್ ಚಾರ್ಜ್ ಆಗುವ ಸದ್ದು.

ನನ್ನ ಕೈಯಲ್ಲಿರುವುದು ಒಂದೇ ಸಲ ಬಳಸಿ ಬಿಡುವ ಕ್ಯಾಮೆರಾದಿಂದ ಬಿಚ್ಚಿದ ಬೋರ್ಡ್. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಬಿಲ್ಟ್-ಇನ್ ಫ್ಲ್ಯಾಶನ್ನು ಸರಳ ಮಾಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ದೊಡ್ಡ ಕಂಪನಿಗಳ ದುಬಾರಿ ಕ್ಯಾಮೆರಾ ತೋರಿಸುವುದಿಲ್ಲ. ಇದನ್ನೇ ತೋರಿಸುತ್ತೇನೆ. ಫ್ಯೂಜಿಫಿಲ್ಮ್ 1986ರಲ್ಲಿ ಈ ಥರದ ಕ್ಯಾಮೆರಾ ತಂದಿತು, ಆಮೇಲೆ ಅದಕ್ಕೆ ಫ್ಲ್ಯಾಶ್ ಸೇರಿಸಿತು. ಎಸೆಯುವ ಬೆಲೆಯ ಡಬ್ಬಿಗೆ ಫ್ಲ್ಯಾಶ್ ಹಾಕಬೇಕು ಅಂದಾಗ ಯಾವ ಭಾಗ ನಿಜವಾಗಿ ಬೇಕು, ಯಾವುದು ಸುಮ್ನೆ ಕೂತಿದೆ ಅನ್ನೋದು ಗೊತ್ತಾಗಲೇಬೇಕು, ಅಲ್ವಾ?

ಇದರ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಸೆಲ್ಲಿನಲ್ಲಿರುವುದು 1.5 ವೋಲ್ಟ್. ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಸೇರಿ ಅದನ್ನು ಸುಮಾರು 300 ವೋಲ್ಟಿಗೆ ಏರಿಸುತ್ತವೆ. ಆ ಕುಂಯ್ ಸದ್ದು ಈ ಟ್ರಾನ್ಸ್‌ಫಾರ್ಮರಿನದು. ಏರಿದ ವಿದ್ಯುತ್ತು ಈ ಕಪ್ಪು ಡಬ್ಬಿಯಂಥ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. 120 ಮೈಕ್ರೋಫ್ಯಾರಡ್ ಅಂತಿಟ್ಟುಕೊಳ್ಳಿ. ಲೆಕ್ಕ ಹಾಕಿದರೆ 5.4 ಜೂಲ್ ಬರುತ್ತದೆ. ಕೇಳೋಕೆ ಚಿಲ್ಲರೆ. ಆದರೆ ಅಷ್ಟೂ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಖಾಲಿಯಾದರೆ ಆ ಗಳಿಗೆಗೆ 5 ಸಾವಿರ ವ್ಯಾಟ್ ದಾಟುತ್ತದೆ. ಬೆಳಕು ಕೊಡುವ ಗಾಜಿನ ಟ್ಯೂಬಿನೊಳಗೆ ಹರಿಯುವ ಕರೆಂಟು ಕ್ಷಣಮಾತ್ರಕ್ಕೆ 100 ಆಂಪಿಯರ್ ಆಸುಪಾಸಿಗೆ ಹೋಗುತ್ತದೆ.

ಒಂದು ತಮಾಷೆ ಇದೆ. 300 ವೋಲ್ಟ್ ಟ್ಯೂಬಿನ ಎರಡು ತುದಿಯಲ್ಲಿ ಕಾದು ಕೂತಿದ್ದರೂ ಏನೂ ಆಗುವುದಿಲ್ಲ. ಒಳಗಿರುವ ಝೆನಾನ್ ಅನಿಲ ಕರೆಂಟನ್ನು ಬಿಡುವುದಿಲ್ಲ. ಅದನ್ನು ಎಬ್ಬಿಸಲು ಹೊರಗಿನಿಂದ ಒಂದು ಏಟು ಬೇಕು. ಟ್ರಿಗರ್ ಕಾಯಿಲ್ ಅನ್ನುವ ಪುಟ್ಟ ತಂತಿ ಸುರುಳಿ ಸುಮಾರು 4000 ವೋಲ್ಟಿನ ಏಟು ಕೊಡುತ್ತದೆ, ಅದೂ ಗಾಜಿನ ಹೊರಮೈಗೆ. ಅನಿಲ ದಾರಿ ಬಿಡುತ್ತದೆ, ಫಳ್ ಅನ್ನುತ್ತದೆ. ಈ ಹೊರಮೈ ಏಟಿನ ಸಂಗತಿ ನೆನಪಿಟ್ಟುಕೊಳ್ಳಿ. ನನ್ನ ಮಾನ ಹೋದದ್ದು ಅಲ್ಲೇ.

ಫ್ಲ್ಯಾಶು ಕ್ಯಾಮೆರಾದ ಒಳಗೆ ಬರೋಕೆ ತುಂಬಾ ಕಾಲ ಹಿಡಿಯಿತು. ಮೊದಲು ಮೆಗ್ನೀಸಿಯಂ ಪುಡಿ ಸುಡುತ್ತಿದ್ದರು. 1929ರಲ್ಲಿ ಬಲ್ಬ್ ಬಂತು. 1965ರಲ್ಲಿ ನಾಲ್ಕು ಬಲ್ಬಿನ ಘನಾಕಾರದ ಫ್ಲ್ಯಾಶ್‌ಕ್ಯೂಬ್. ಅಷ್ಟರಲ್ಲಿ 1964ರಲ್ಲೇ ಫೋಕ್ಟ್‌ಲೆಂಡರ್ ಕಂಪನಿಯ ವಿಟ್ರೋನಾ ಎಲೆಕ್ಟ್ರಾನಿಕ್ ಫ್ಲ್ಯಾಶನ್ನು ಮೈಯೊಳಗೆ ಇಟ್ಟುಕೊಂಡು ಬಂದಿತ್ತು. ಆದರೆ ಬ್ಯಾಟರಿಗೆ ಒಳಗೆ ಜಾಗ ಸಾಲದೆ ಅದನ್ನು ಕೆಳಗಿನ ಹಿಡಿಯಲ್ಲಿ ತುಂಬಬೇಕಾಯಿತು. ಜನರ ಕೈಗೆ ನಿಜವಾಗಿ ಇಳಿದದ್ದು 1975ರ ಕೊನಿಕಾ ಸಿ35 ಇಎಫ್ ಮೂಲಕ. ಲೆನ್ಸ್ ಬದಲಿಸುವ ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳ ನೆತ್ತಿಯಿಂದ ಟಪ್ಪನೆ ಮೇಲೇಳುವ ಫ್ಲ್ಯಾಶನ್ನು ಪೆಂಟಾಕ್ಸ್ 1987ರಲ್ಲಿ ತಂದಿತು. ಇತಿಹಾಸ ಇಷ್ಟು ಸಾಕು.

ಈಗ ಜೋಡಣೆಗೆ ಬರೋಣ. ಜೆಫ್ರಿ ಬೂತ್‌ರಾಯ್ಡ್ ಮತ್ತು ಪೀಟರ್ ಡ್ಯೂಹರ್ಸ್ಟ್ ಅಂತ ಇಬ್ಬರು ಎಂಜಿನಿಯರುಗಳು. 1980ರ ದಶಕದಲ್ಲಿ ಅವರು ಒಂದು ವಿಧಾನ ರೂಢಿಗೆ ತಂದರು. ಪ್ರತಿ ಬಿಡಿಭಾಗವನ್ನೂ ಎದುರಿಗಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ ಅಂದರು. ನೀನು ಉಳಿದವುಗಳ ನಡುವೆ ಓಡಾಡಬೇಕಾ? ನೀನು ಬೇರೆ ವಸ್ತುವಿನಿಂದಲೇ ಆಗಬೇಕಾ, ಅಥವಾ ಉಳಿದವುಗಳಿಂದ ಬೇರ್ಪಟ್ಟೇ ಇರಬೇಕಾ? ನಿನ್ನನ್ನು ಬಿಚ್ಚದೆ ಇನ್ನೊಂದನ್ನು ಹಾಕೋಕೆ, ತೆಗೆಯೋಕೆ ಆಗೋದಿಲ್ವಾ? ಮೂರಕ್ಕೂ ಇಲ್ಲ ಅಂದರೆ ಆ ಭಾಗ ಪಕ್ಕದವನ ಮೈಯಲ್ಲಿ ಸೇರಿಹೋಗಬಹುದು. ಇದು ನನ್ನ ಮಾತಿನಲ್ಲಿ ಹೇಳಿದ್ದು, ಆದರೆ ಸಾರ ಇಷ್ಟೇ.

ಒಂದು ಫ್ಲ್ಯಾಶಿನ ತಲೆಯನ್ನು ತಗೊಳ್ಳಿ. ಮುಂದೆ ಗೆರೆಗೆರೆಯ ಪ್ಲಾಸ್ಟಿಕ್ ಕಿಟಕಿ. ಅದನ್ನು ಹಿಡಿಯೋಕೆ ಒಂದು ಚೌಕಟ್ಟು. ಚೌಕಟ್ಟಿಗೆ ಎರಡು ಸ್ಕ್ರೂ. ಒಳಗೆ ಹೊಳೆಯುವ ಅಲ್ಯೂಮಿನಿಯಂ ತಗಡಿನ ರಿಫ್ಲೆಕ್ಟರ್. ಟ್ಯೂಬು. ಟ್ಯೂಬಿನ ಎರಡು ತುದಿಗೆ ರಬ್ಬರ್ ಬಳೆ. ಟ್ರಿಗರ್ ವೈರು, ಇನ್ನೆರಡು ವೈರು, ವೈರು ಅಲ್ಲಾಡದ ಹಾಗೆ ಒಂದು ಪಟ್ಟಿ. ಎಣಿಸಿದರೆ ಹನ್ನೆರಡು ಭಾಗ ಆಗುತ್ತವೆ.

ಈಗ ಪ್ರಶ್ನೆ ಕೇಳುತ್ತಾ ಹೋಗಿ. ಸ್ಕ್ರೂಗಳು ಮೊದಲ ಸುತ್ತಿನಲ್ಲೇ ಔಟ್. ಕಿಟಕಿಯ ಅಂಚಿನಲ್ಲೇ ಎರಡು ಕೊಂಡಿ ಅಚ್ಚು ಹಾಕಿದರೆ ಟಿಕ್ ಅಂತ ಕೂರುತ್ತದೆ. ಚೌಕಟ್ಟು? ಕಿಟಕಿಯೇ ಚೌಕಟ್ಟಾಗಬಹುದು. ಪಟ್ಟಿ? ಕ್ಯಾಮೆರಾ ಮೈಯ ಒಳಗೋಡೆಯಲ್ಲಿ ಒಂದು ಸೀಳು ಇಟ್ಟರೆ ವೈರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಿಫ್ಲೆಕ್ಟರ್ ವಿಷಯ ನನಗೆ ತುಂಬಾ ಇಷ್ಟ. ಅದು ಬರೀ ಬೆಳಕನ್ನು ಮುಂದಕ್ಕೆ ತಳ್ಳುವುದಿಲ್ಲ. ತಗಡು ಹೇಗೂ ಟ್ಯೂಬಿನ ಬೆನ್ನಿಗೆ ತಾಗಿಕೊಂಡಿದೆ. ಹಾಗಾಗಿ ಆ 4000 ವೋಲ್ಟಿನ ಏಟನ್ನು ತಗಡಿಗೇ ಕೊಟ್ಟರೆ ಸಾಕು, ಅದು ಗಾಜಿನ ಹೊರಮೈಗೆ ಮುಟ್ಟುತ್ತದೆ. ಗಾಜಿನ ಸುತ್ತ ಪ್ರತ್ಯೇಕವಾಗಿ ತಂತಿ ಸುತ್ತುವ ಕೆಲಸ ತಪ್ಪಿತು. ಒಂದು ಭಾಗ, ಎರಡು ಸಂಬಳ.

ಹೀಗೆ ಕೇಳುತ್ತಾ ನಾನು ರಬ್ಬರ್ ಬಳೆಯ ಹತ್ತಿರ ಬಂದೆ.

ಇದು ನಾನು ಹೊಸಬನಾಗಿದ್ದಾಗ ಮಾಡಿದ ಕೆಲಸ. ಎರಡು ಪುಟಾಣಿ ಸಿಲಿಕೋನ್ ಬಳೆ. ಜೋಡಿಸುವವರು ಚಿಮಟದಲ್ಲಿ ಹಿಡಿದು, ಗಾಜಿನ ತುದಿಗೆ ತೂರಿಸಿ, ಸರಿಯಾಗಿ ಕೂತಿದೆಯಾ ಅಂತ ಬಗ್ಗಿ ನೋಡಬೇಕು. ಉದುರಿದರೆ ನೆಲದ ಮೇಲೆ ಹುಡುಕಬೇಕು. ನೋಡೋಕೆ ಬೇಜಾರಾಗುತ್ತಿತ್ತು. ಇವು ಯಾಕೆ ಬೇಕು, ಪ್ಲಾಸ್ಟಿಕ್ ಚೌಕಟ್ಟಿನಲ್ಲೇ ಎರಡು ಕೊಕ್ಕೆ ಮಾಡಿದರೆ ಟ್ಯೂಬು ಅಲ್ಲೇ ಕಚ್ಚಿಕೊಳ್ಳುತ್ತದಲ್ಲ ಅಂದುಕೊಂಡೆ. ಡ್ರಾಯಿಂಗ್ ತಿದ್ದಿದೆ. ಮಾದರಿಗಳು ಬಂದವು, ಚೆಂದ ಕೂತವು, ಬೆಳಗಿದವು. ಎರಡು ಭಾಗ ಕಡಿಮೆ ಮಾಡಿದೆ ಅಂತ ನಾನೂ ಬೀಗಿದೆ.

ಆಮೇಲೆ ಬೀಳಿಸಿ ನೋಡುವ ಪರೀಕ್ಷೆ. ಮೇಜಿನ ಎತ್ತರದಿಂದ ಕೆಳಕ್ಕೆ. ಬಿಚ್ಚಿ ನೋಡಿದರೆ ಟ್ಯೂಬಿನ ತುದಿಯಲ್ಲಿ ಕೂದಲೆಳೆಯಂಥ ಬಿರುಕು. ಬಿರುಕು ಬಿಟ್ಟರೆ ಝೆನಾನ್ ಹೋಯಿತು, ಫ್ಲ್ಯಾಶ್ ಮುಗಿಯಿತು. ಬಿದ್ದಾಗ ಆ ಪೆಟ್ಟನ್ನು ತಿನ್ನುತ್ತಿದ್ದದ್ದು ರಬ್ಬರ್. ಅದನ್ನೇ ನಾನು ಕಿತ್ತುಹಾಕಿದ್ದೆ. ಅಷ್ಟಕ್ಕೇ ಮುಗಿಯಲಿಲ್ಲ. ತೇವ ಇರುವ ಗಾಳಿಯಲ್ಲಿಟ್ಟು ನೋಡಿದಾಗ ಕೆಲವು ಬೆಳಗಲೇ ಇಲ್ಲ. ಕತ್ತಲೆಯಲ್ಲಿ ನೋಡಿದೆವು. ರಿಫ್ಲೆಕ್ಟರಿನ ಅಂಚಿನಿಂದ ಕೊಕ್ಕೆಯ ಮೇಲೆ ಹಾದು ಟ್ಯೂಬಿನ ತುದಿಯ ಲೋಹದ ಕಾಲಿಗೆ ಒಂದು ನೀಲಿ ಕಿಡಿ ಹರಿಯುತ್ತಿತ್ತು. ಗಾಜಿಗೆ ಬೀಳಬೇಕಾದ ಏಟು ಅಡ್ಡದಾರಿ ಹಿಡಿದಿತ್ತು. ಮೊದಲು ಆ ದಾರಿಗೆ ಅಡ್ಡ ಇದ್ದದ್ದೂ ಅದೇ ರಬ್ಬರ್. ಇನ್ನೂ ಒಂದು ಕೆಲಸ ಅದು ಮಾಡುತ್ತಿತ್ತು: ಟ್ಯೂಬನ್ನು ಹಿಂದಕ್ಕೆ ಒತ್ತಿ ತಗಡಿಗೆ ತಾಗಿಸಿ ಇಡುತ್ತಿತ್ತು.

ಎರಡನೆಯ ಪ್ರಶ್ನೆಯನ್ನು ನಾನು ಅರ್ಧ ಮಾತ್ರ ಕೇಳಿದ್ದೆ. ಬೇರೆ ವಸ್ತು ಬೇಕಾ ಅಂತ ಕೇಳಿದ್ದೆ, ಬೇರ್ಪಟ್ಟಿರಬೇಕಾ ಅಂತ ಕೇಳಿರಲಿಲ್ಲ. ಸಾಮಾನ್ಯ ಯಂತ್ರದಲ್ಲಿ ಖಾಲಿ ಜಾಗ ಅಂದರೆ ಖಾಲಿ ಜಾಗ. ಫ್ಲ್ಯಾಶಿನಲ್ಲಿ ಖಾಲಿ ಜಾಗವೂ ಒಂದು ಬಿಡಿಭಾಗ. ಅದನ್ನು ತಿಂದರೆ ಕಿಡಿ ಹಾರುತ್ತದೆ.

ಕೊನೆಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಎರಡು ಬಳೆಯನ್ನು ಒಂದೇ ರಬ್ಬರ್ ಪಟ್ಟಿಯ ಎರಡು ತುದಿ ಮಾಡಿದೆವು. ಪಟ್ಟಿ ರಿಫ್ಲೆಕ್ಟರಿನ ಬೆನ್ನು ಬಳಸಿ ಬಂದು ಎರಡೂ ಕಡೆ ಟ್ಯೂಬನ್ನು ಹಿಡಿಯುತ್ತದೆ. ಭಾಗ ಒಂದೇ. ಉದುರಿದರೂ ಕಣ್ಣಿಗೆ ಬೀಳುವಷ್ಟು ದೊಡ್ಡದು. ನಾವು ಕಂಡುಹಿಡಿದೆವು ಅಂತೇನಲ್ಲ, ಆಮೇಲೆ ನೋಡಿದರೆ ಎಷ್ಟೋ ಕ್ಯಾಮೆರಾಗಳಲ್ಲಿ ಅದೇ ಇತ್ತು.

ಈಗ ವೈರುಗಳು. ಒಂದೊಂದು ವೈರಿಗೂ ಎರಡು ತುದಿ, ಎರಡು ಬೆಸುಗೆ, ಎರಡು ಸಲ ಕೈ ನಡುಗುವ ಅವಕಾಶ. ನನ್ನ ಪ್ರಕಾರ ಫ್ಲ್ಯಾಶ್ ಸರಳ ಮಾಡೋದು ಅಂದರೆ ಮುಕ್ಕಾಲು ಪಾಲು ವೈರು ಕಡಿಮೆ ಮಾಡೋದು. ಈ ಬೋರ್ಡನ್ನೇ ನೋಡಿ. ಟ್ಯೂಬಿನ ಕಾಲು ನೇರವಾಗಿ ಬೋರ್ಡಿಗೆ ಬೆಸೆದಿದೆ. ಸೆಲ್ ಹಿಡಿಯುವ ತಗಡೂ ಬೋರ್ಡಿನ ಮೇಲೇ ನಿಂತಿದೆ. ಚಾರ್ಜ್ ಬಟನ್ ಅಂತ ಪ್ರತ್ಯೇಕ ಸ್ವಿಚ್ಚಿಲ್ಲ. ಬೋರ್ಡಿನ ಮೇಲೆ ಒಂದು ತೆಳು ಲೋಹದ ಎಲೆ ಇದೆ, ಕ್ಯಾಮೆರಾದ ಮುಂಭಾಗದ ಪ್ಲಾಸ್ಟಿಕ್ಕೇ ನಾಲಗೆಯ ಹಾಗೆ ಬಾಗಿ ಅದನ್ನು ಒತ್ತುತ್ತದೆ. ಬೆಳಗಿಸುವ ಸ್ವಿಚ್ಚೂ ಹಾಗೇ. ಶಟರಿನ ಎಲೆ ತೆರೆದುಕೊಳ್ಳುವಾಗ ಈ ಎರಡು ತಗಡನ್ನು ಒಂದಕ್ಕೊಂದು ತಾಗಿಸುತ್ತದೆ. ಶಟರ್ ಪೂರ್ತಿ ತೆರೆದ ಗಳಿಗೆಗೇ ಫ್ಲ್ಯಾಶ್ ಬರಬೇಕಲ್ಲ, ಆ ಹೊಂದಾಣಿಕೆಗೆ ಬೇರೆ ಏನೂ ಇಲ್ಲ. ನಾನು ಇದನ್ನು ಮೊದಲ ಸಲ ಬಿಚ್ಚಿದಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಒಂದು ಎಚ್ಚರಿಕೆ. ಟ್ಯೂಬಿನ ಎರಡು ತುದಿ ನೋಡೋಕೆ ಹೆಚ್ಚುಕಡಿಮೆ ಒಂದೇ ಥರ, ಆದರೆ ಒಂದು ಪ್ಲಸ್, ಒಂದು ಮೈನಸ್. ತಿರುವಿ ಹಾಕಿದರೂ ಬೆಳಗುತ್ತದೆ, ಪರೀಕ್ಷೆಯಲ್ಲೂ ಪಾಸಾಗುತ್ತದೆ, ಆದರೆ ಬೇಗ ಸಾಯುತ್ತದೆ. ಇಂಥ ತಪ್ಪು ಬಲು ಕೆಟ್ಟದ್ದು. ಗಮನವಿಟ್ಟು ಹಾಕಿ ಅಂತ ಗೋಡೆಗೆ ಚೀಟಿ ಅಂಟಿಸಿ ಪ್ರಯೋಜನವಿಲ್ಲ. ಜಪಾನಿನ ಎಂಜಿನಿಯರ್ ಶಿಗಿಯೊ ಶಿಂಗೊ ಇದರ ಮದ್ದಿಗೆ ಪೋಕಾ-ಯೋಕೆ ಅನ್ನುತ್ತಿದ್ದರು: ತಪ್ಪು ಮಾಡೋಕೇ ಆಗದ ಹಾಗೆ ವಸ್ತುವನ್ನು ಮಾಡಿಬಿಡುವುದು. ಒಂದು ಕಾಲನ್ನು ಗಿಡ್ಡವಾಗಿ, ಇನ್ನೊಂದನ್ನು ಉದ್ದವಾಗಿ ಮೊದಲೇ ಬಗ್ಗಿಸಿಟ್ಟರೆ ಬೋರ್ಡಿನ ತೂತಿಗೆ ಒಂದೇ ರೀತಿಯಲ್ಲಿ ಇಳಿಯುತ್ತದೆ.

ಮೇಲೇಳುವ ಫ್ಲ್ಯಾಶಿನ ಕಥೆ ಬೇರೆ. ಅಲ್ಲಿ ಹಿಂಜ್ ಇದೆ, ಸ್ಪ್ರಿಂಗ್ ಇದೆ, ಹಿಡಿದಿಡುವ ಕೊಕ್ಕೆ, ಅದನ್ನು ಬಿಡಿಸುವ ಪುಟ್ಟ ವಿದ್ಯುತ್ಕಾಂತ, ಎದ್ದಿದೆಯಾ ಇಲ್ವಾ ಅಂತ ಹೇಳುವ ಸ್ವಿಚ್ಚು. ಇದಕ್ಕೆಲ್ಲಾ ಮೊದಲನೆಯ ಪ್ರಶ್ನೆ ಹೌದು ಅನ್ನುತ್ತದೆ, ಇವು ಓಡಾಡಲೇಬೇಕು. ಇಷ್ಟೆಲ್ಲಾ ಯಾಕೆ? ಲೆನ್ಸಿನ ಪಕ್ಕದಲ್ಲೇ ಫ್ಲ್ಯಾಶ್ ಇದ್ದರೆ ಬೆಳಕು ಕಣ್ಣಿನ ಹಿಂಗೋಡೆಗೆ ಬಡಿದು ನೇರ ವಾಪಸ್ ಬರುತ್ತದೆ, ಫೋಟೋದಲ್ಲಿ ಕಣ್ಣು ಕೆಂಪು. ಲೆನ್ಸ್ ಉದ್ದವಿದ್ದರೆ ಅದರ ನೆರಳೂ ಚಿತ್ರದ ಕೆಳಗೆ ಬೀಳುತ್ತದೆ. ನಾಲ್ಕೈದು ಸೆಂಟಿಮೀಟರ್ ಮೇಲೆ ಎತ್ತಿದರೆ ಎರಡೂ ಕಡಿಮೆಯಾಗುತ್ತವೆ. ಲೆನ್ಸ್ ಬದಲಿಸುವ ಕ್ಯಾಮೆರಾದಲ್ಲಿ ಈ ಕಷ್ಟಕ್ಕೆ ಬೆಲೆ ಇದೆ ಅಂತ ನನ್ನ ಅಭಿಪ್ರಾಯ. ಜೇಬಿನ ಕ್ಯಾಮೆರಾದಲ್ಲಿ ಶೋಕಿ ಅಷ್ಟೇ.

ಹಿಂಜ್ ಇದ್ದ ಮೇಲೆ ವೈರು ಅದನ್ನು ದಾಟಲೇಬೇಕು. ಟ್ಯೂಬಿಗೆ ಎರಡು, ಟ್ರಿಗರಿಗೆ ಒಂದು, ಒಟ್ಟು ಮೂರು. ಟ್ರಿಗರ್ ಕಾಯಿಲ್ ಕೆಳಗೆ ಬೋರ್ಡಿನ ಮೇಲಿದ್ದರೆ 4000 ವೋಲ್ಟಿನ ವೈರು ದಿನಾ ಬಾಗುತ್ತಾ ನಿವುರುತ್ತಾ ಹಿಂಜಿನೊಳಗೆ ಹಾಯುತ್ತದೆ. ಅದರ ಹೊದಿಕೆ ಎಲ್ಲೋ ಸವೆದರೆ ಮುಗಿಯಿತು. ಅದೇ ಕಾಯಿಲನ್ನು ಮೇಲೆ, ತಲೆಯೊಳಗೆ, ರಿಫ್ಲೆಕ್ಟರಿನ ಬೆನ್ನಿಗೆ ಕೂರಿಸಿ ನೋಡಿ. ಹಿಂಜ್ ದಾಟುವ ವೈರು ಆಗಲೂ ಮೂರೇ. ಆದರೆ ದಾಟುವುದು 300 ವೋಲ್ಟ್ ಮಾತ್ರ. 4000 ವೋಲ್ಟು ಹುಟ್ಟಿದ ಜಾಗದಲ್ಲೇ ಬೆರಳಗಲ ಓಡಾಡಿ ಮುಗಿಯುತ್ತದೆ. ಭಾಗಗಳ ಲೆಕ್ಕ ಹಾಕಿದರೆ ಈ ಬದಲಾವಣೆಯಲ್ಲಿ ಲಾಭ ಸೊನ್ನೆ. ಜೋಡಿಸುವವರನ್ನು ಕೇಳಿದರೆ ಲಾಭ ಗೊತ್ತಾಗುತ್ತದೆ. ದಪ್ಪ ಹೊದಿಕೆಯ ಗಡುಸು ವೈರನ್ನು ಹಿಂಜಿನೊಳಗೆ ತುರುಕುವ ಕೆಲಸ ಹೋಯಿತು. ಆದ್ದರಿಂದ ಭಾಗಗಳ ಎಣಿಕೆಯೊಂದನ್ನೇ ನಂಬಬೇಡಿ.

ಎಲ್‌ಇಡಿ ಹಾಕಿಬಿಟ್ಟರೆ ಇದ್ಯಾವುದೂ ಬೇಡವಲ್ಲ ಅಂತ ಯಾರೋ ಕೇಳೋಕೆ ಕಾಯುತ್ತಿದ್ದೀರಿ. ಹೌದು, ಬೇಡ. ಜೋಡಣೆಯ ಮಟ್ಟಿಗೆ ಎಲ್‌ಇಡಿ ಗೆದ್ದಿದೆ, ಫೋನುಗಳು ಅದನ್ನೇ ಹಿಡಿದವು. ಆದರೆ ಸಾವಿರದ ಒಂದು ಭಾಗ ಸೆಕೆಂಡಿನಲ್ಲಿ ಅಷ್ಟು ಬೆಳಕನ್ನು ಅದು ಉಗುಳಲಾರದು. ಓಡುವ ಮಗುವನ್ನು ಕತ್ತಲಲ್ಲಿ ನಿಲ್ಲಿಸಿದ ಹಾಗೆ ಹಿಡಿಯಬೇಕಾದರೆ ಝೆನಾನೇ ಬೇಕು.

ಜೋಡಿಸುವ ಕ್ರಮದ ಬಗ್ಗೆ ಒಂದೇ ಮಾತು. ಎಲ್ಲಾ ಭಾಗವೂ ಮೇಲಿನಿಂದಲೇ ಇಳಿಯಬೇಕು, ಕ್ಯಾಮೆರಾವನ್ನು ಮಗುಚುವ ಪ್ರಸಂಗ ಬರಬಾರದು. ತಲೆಯನ್ನು ಪ್ರತ್ಯೇಕವಾಗಿ ಕಟ್ಟಿ, ಬೆಳಗಿಸಿ ನೋಡಿ, ಆಮೇಲೆ ಮೈಗೆ ಸೇರಿಸಬೇಕು. ಮೈ ಮುಚ್ಚಿದ ಮೇಲೆ ಬೆಳಗಲಿಲ್ಲ ಅಂದರೆ ಬಿಚ್ಚುವವರು 300 ವೋಲ್ಟ್ ತುಂಬಿದ ಕೆಪಾಸಿಟರಿನ ಪಕ್ಕ ಬೆರಳಾಡಿಸಬೇಕಾಗುತ್ತದೆ. ಅದು ಸೆಲ್ ತೆಗೆದ ಮೇಲೂ ದಿನಗಟ್ಟಲೆ ಚಾರ್ಜ್ ಹಿಡಿದಿಟ್ಟುಕೊಂಡಿರುತ್ತದೆ. ನನಗೆ ಒಂದು ಸಲ ಹೊಡೆದಿದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಎಲ್ಲಿಗೆ ಹಾರಿತು ಅಂತ ಆಮೇಲೆ ಹುಡುಕಿದೆವು. ಅದಕ್ಕೇ ಪರೀಕ್ಷೆಯ ಸ್ಟ್ಯಾಂಡಿನಲ್ಲೇ ಒಂದು ರೆಸಿಸ್ಟರ್ ಇಟ್ಟು, ಪರೀಕ್ಷೆ ಮುಗಿದ ಕೂಡಲೇ ಚಾರ್ಜ್ ಇಳಿದುಹೋಗುವ ಹಾಗೆ ಮಾಡಿ. ಬೋರ್ಡಿನ ಮೇಲೆ ಆ ಕೆಪಾಸಿಟರಿನ ಎರಡು ಬಿಂದು ಕಾಣುವ ಹಾಗೆ, ಮುಟ್ಟಿಸಲು ಸಿಗುವ ಹಾಗೆ ಇರಲಿ.

ಆ ಮೇಜಿನ ಮೇಲೆ ನಾಲ್ಕು ಫ್ಲ್ಯಾಶುಗಳನ್ನು ಬಿಚ್ಚಿ ಇಟ್ಟಿದ್ದೇನೆ, ನನ್ನ ಕೊಕ್ಕೆಯ ಟ್ಯೂಬೂ ಅಲ್ಲೇ ಇದೆ, ಬಿರುಕು ಕಾಣಬೇಕಾದರೆ ಭೂತಗನ್ನಡಿ ತಗೊಳ್ಳಿ. ಮೂರನ್ನು ಮುಟ್ಟಬಹುದು, ಚಾರ್ಜ್ ಇಳಿಸಿದ್ದೇನೆ. ಈಗ ಕುಂಯ್ ಅಂದಿತಲ್ಲ, ಇದನ್ನು ಮಾತ್ರ ನಾನು ಇಳಿಸುವವರೆಗೆ ಮುಟ್ಟಬೇಡಿ.