ಶುಕ್ರನ ಮೋಡದ ಮೇಲಿನ ಗಂಧಕ

ಕೇಳುಗರಿಗೆ ನಮಸ್ಕಾರ.

ಕಾರವಾರದ ಟಾಗೋರ್ ಬೀಚಿನಲ್ಲಿ ಸಂಜೆ ನಿಂತವರು ನೋಡಿಯೇ ಇರುತ್ತೀರಿ, ಸೂರ್ಯ ಕಡಲಿಗೆ ಇಳಿಯುವಾಗ ಕೆಂಪಾಗುತ್ತಾನೆ. ಆ ಹೊತ್ತಿನಲ್ಲಿ ಅವನ ಬೆಳಕು ಗಾಳಿಯೊಳಗೆ ಬಹಳ ದೂರ ಹಾದು ಬರಬೇಕು, ದಾರಿಯಲ್ಲೇ ನೀಲಿ ಚದುರಿಹೋಗುತ್ತದೆ. ಶುಕ್ರನನ್ನು ಸುತ್ತುವ ನೌಕೆಯೂ ಸೂರ್ಯಾಸ್ತಕ್ಕಾಗಿ ಕಾಯುತ್ತದೆ.

2006ರ ಏಪ್ರಿಲ್‌ನಲ್ಲಿ ಯುರೋಪಿನ ವೀನಸ್ ಎಕ್ಸ್‌ಪ್ರೆಸ್ ಆ ಗ್ರಹದ ಕಕ್ಷೆ ಸೇರಿತು. ಗ್ರಹದ ಅಂಚಿನಲ್ಲಿ ಸೂರ್ಯ ಮರೆಯಾಗುವವರೆಗೂ ಅದರ ರೋಹಿತಮಾಪಕ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಅಳೆಯುವ ಉಪಕರಣ, ಸೂರ್ಯನನ್ನೇ ನೋಡುತ್ತಿತ್ತು. ಒಂದೊಂದು ಅನಿಲವೂ ಬೆಳಕಿನಲ್ಲಿ ತನ್ನದೇ ಆದ ಕೆಲವು ಬಣ್ಣಗಳನ್ನಷ್ಟೇ ಹೀರುತ್ತದೆ. ಯಾವ ಬಣ್ಣ ಮಂಕಾಯಿತು ಎಂದು ನೋಡಿದರೆ ಅನಿಲ ಯಾವುದೆಂದು ತಿಳಿಯುತ್ತದೆ. ಎಷ್ಟು ಮಂಕಾಯಿತು ಎಂದು ಅಳೆದರೆ ಅದು ಎಷ್ಟಿದೆ ಎಂದೂ ತಿಳಿಯುತ್ತದೆ. ಅಲ್ಲಿನ ನೆಲದಲ್ಲಿ ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿ, ನಮ್ಮ ತೊಂಬತ್ತು ಪಟ್ಟು ಒತ್ತಡ. ಇಳಿದ ನೌಕೆಗಳು ಎರಡು ತಾಸಿನ ಆಸುಪಾಸು ಬಾಳಿದ್ದೇ ಹೆಚ್ಚು. ವರ್ಷಗಟ್ಟಲೆ ನೋಡಬೇಕಾದರೆ ಮೇಲಿಂದಲೇ ನೋಡಬೇಕು.

ಹೀಗೆ ಕಂಡದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಗಂಧಕದ ಅನಿಲವಾದ ಸಲ್ಫರ್ ಡೈಆಕ್ಸೈಡ್. ಶುಕ್ರನ ಗಾಳಿಯಲ್ಲಿ ಶೇಕಡಾ 96ಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡೇ ಇದೆ, ಗಂಧಕದ ಪಾಲು ತೀರಾ ಸಣ್ಣದು. ಆದರೂ ಅಲ್ಲಿನ ಮೋಡಗಳನ್ನು ಕಟ್ಟುವುದು ಅದೇ. 1978ರಲ್ಲಿ ಅಮೆರಿಕದ ಪಯನಿಯರ್ ವೀನಸ್ ತಲುಪಿದಾಗ ಮೋಡಗಳ ನೆತ್ತಿಯಲ್ಲಿ ಈ ಅನಿಲ ಹೇರಳವಾಗಿತ್ತು, ಮುಂದಿನ ವರ್ಷಗಳಲ್ಲಿ ಇಳಿಯುತ್ತಾ ಹೋಯಿತು. ವೀನಸ್ ಎಕ್ಸ್‌ಪ್ರೆಸ್ ಮೋಡಗಳಿಂದ ಮರಳಿದ ಅತಿನೇರಳೆ ಬೆಳಕನ್ನು ಅಳೆದಾಗ ಮೊದಮೊದಲು ಮತ್ತೆ ಏರಿತ್ತು, ಆಮೇಲೆ ಮತ್ತೆ ಇಳಿಯಿತು. ಮೋಡದ ಮೇಲೆ ಬಿಸಿಲಿಗೆ ಸಿಕ್ಕಿದರೆ ಈ ಅನಿಲ ಕೆಲವೇ ದಿನಗಳಲ್ಲಿ ಒಡೆದು, ನೀರಾವಿಯ ಜೊತೆ ಸೇರಿ ಗಂಧಕಾಮ್ಲದ ಹನಿಯಾಗುತ್ತದೆ. ಹಾಗಿದ್ದರೆ ಏರಿದ್ದೆಲ್ಲ ಕೆಳಗಿನಿಂದ ಬಂದದ್ದೇ. ಅದನ್ನು ಮೇಲಕ್ಕೆ ತಂದದ್ದು ಜ್ವಾಲಾಮುಖಿಯೋ, ನಿಧಾನಕ್ಕೆ ಬದಲಾಗುವ ಅಲ್ಲಿನ ಗಾಳಿಯ ಸುಳಿದಾಟವೋ?

ಅಮೆರಿಕದ ಮೆಜೆಲ್ಲನ್ ನೌಕೆ 1991ರಲ್ಲಿ ತೆಗೆದ ಶುಕ್ರನ ನೆಲದ ರೇಡಾರ್ ಚಿತ್ರಗಳನ್ನು ವಿಜ್ಞಾನಿಗಳು ಮತ್ತೆ ಹೋಲಿಸಿ ನೋಡಿದರು. ಎಂಟು ತಿಂಗಳಲ್ಲಿ ಒಂದು ಜ್ವಾಲಾಮುಖಿಯ ಬಾಯಿ ಹಿಗ್ಗಿತ್ತು ಎಂದು 2023ರಲ್ಲಿ ಪ್ರಕಟಿಸಿದರು. ಅಂದರೆ ಆ ನೆಲ ಇನ್ನೂ ತಣ್ಣಗಾಗಿಲ್ಲ. ಆದರೆ ಗಂಧಕದ ಏರಿಳಿತಕ್ಕೆ ಅದೇ ಕಾರಣ ಎನ್ನಲು ಅಷ್ಟು ಸಾಕಾಗದು. ಒಂದೇ ಮಳೆಗಾಲ ಅಳೆದು ಶಿರಸಿಯ ಮಳೆ ಇಷ್ಟೇ ಎನ್ನಲಾದೀತೇ? ಪಯನಿಯರ್ 1992ರಲ್ಲಿ ಮುಗಿಯಿತು, ವೀನಸ್ ಎಕ್ಸ್‌ಪ್ರೆಸ್ ಬಂದದ್ದು 2006ರಲ್ಲಿ. ನಡುವಿನ ಆ ಅಂತರ ನನಗೆ ದೊಡ್ಡ ನಷ್ಟವಾಗಿಯೇ ಕಾಣುತ್ತದೆ.

ಈಗ ಅಂಥದೇ ಇನ್ನೊಂದು ಅಂತರ ತೆರೆದಿದೆ. 2024ರ ಏಪ್ರಿಲ್‌ನಲ್ಲಿ ಜಪಾನಿನ ಅಕಾಟ್ಸುಕಿಯ ಸಂಪರ್ಕ ಕಡಿದುಹೋಯಿತು, ಅಲ್ಲಿ ಕೆಲಸ ಮಾಡುತ್ತಿದ್ದ ನೌಕೆ ಅದೊಂದೇ ಆಗಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಇಸ್ರೋದ ಶುಕ್ರ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಉಡಾವಣೆಗೆ 2028ರ ಮಾರ್ಚ್ ಗುರಿ. ನಮ್ಮ ನೌಕೆ ಅಲ್ಲಿ ಸುತ್ತಲಾರಂಭಿಸಿದ ದಿನ ನಾನು ಮೊದಲು ಕೇಳುವುದು ಸಲ್ಫರ್ ಡೈಆಕ್ಸೈಡಿನ ಅಂಕಿಯನ್ನೇ.

ನಮಸ್ಕಾರ.