ಚೀಟಿಯ ಮೇಲೊಂದು ತಾರೀಖು

ಕೇಳುಗರೆಲ್ಲರಿಗೂ ನಮಸ್ಕಾರ. ಡೊಂಬಿವಲಿಯ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತ ಕೇಳುತ್ತಿರುವ ತಾಯಂದಿರಿಗೆ, ಫೋರ್ಟಿನ ಹೋಟೆಲುಗಳಲ್ಲಿ ಊಟದ ಹೊತ್ತಿನ ಗದ್ದಲ ಮುಗಿಸಿ ಈಗಷ್ಟೇ ಬೆನ್ನು ಊರಿರುವ ತಮ್ಮಂದಿರಿಗೆ, ಮುಲುಂಡು ಘಾಟ್ಕೋಪರಿನ ಹಿರಿಯರಿಗೆ ವಿಶೇಷವಾಗಿ ನಮಸ್ಕಾರ. ನನಗೆ ಕೊಟ್ಟಿರುವುದು ಹನ್ನೆರಡು ನಿಮಿಷ. ವಿಷಯ, ಧರ್ಮವನ್ನು ನಾವು ಆರಿಸಿಕೊಳ್ಳುತ್ತೇವೆಯೋ, ಅದು ಮನೆತನದಿಂದ ಬರುತ್ತದೆಯೋ ಎಂಬುದು. ಇಪ್ಪತ್ತೊಂಬತ್ತು ವರ್ಷ ಇದೇ ಮುಂಬಯಿಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸಿದವಳು ನಾನು. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಕಾಲದಲ್ಲೋ ಒಬ್ಬರು ಆರಿಸಿಕೊಳ್ಳುತ್ತಾರೆ, ಉಳಿದವರಿಗೆಲ್ಲ ಮನೆಯಿಂದ ಬರುತ್ತದೆ.

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹಾಗೇನಿಲ್ಲ, ನಾನು ಓದಿ ತಿಳಿದು ಒಪ್ಪಿಕೊಂಡಿದ್ದೇನೆ ಎನ್ನುತ್ತಾರೆ. ಸಂತೋಷ. ಆದರೆ ಓದಿ ತಿಳಿದವರೆಲ್ಲ ತಪ್ಪದೆ ತಮ್ಮ ತಂದೆತಾಯಿಯ ಧರ್ಮವನ್ನೇ ಒಪ್ಪಿಕೊಂಡಿರುತ್ತಾರಲ್ಲ, ಅದು ಹೇಗೆ? ಮನೆಯಿಂದ ಬಂದದ್ದು ಎನ್ನಲು ನಾಚಿಕೆ ಬೇಕಿಲ್ಲ. ಮಾತೃಭಾಷೆಯೂ ಮನೆಯಿಂದಲೇ ಬಂದದ್ದು. ಕನ್ನಡವನ್ನು ನಾನು ಪರೀಕ್ಷಿಸಿ ಆರಿಸಿಕೊಂಡೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. 1994. ದ್ವಿತೀಯ ಬಿ.ಎ. ತರಗತಿ, ಐವತ್ತೆಂಟು ಮಕ್ಕಳು. ಧರ್ಮ ಮತ್ತು ಕುಟುಂಬ ಎಂಬ ಪಾಠ. ಪುಸ್ತಕ ಮುಚ್ಚಿಸಿ, ಎಲ್ಲರ ಕೈಗೂ ಒಂದೊಂದು ಚೀಟಿ ಕೊಟ್ಟೆ. ಹೆಸರು ಬರೆಯುವುದು ಬೇಡ, ನಿಮ್ಮ ಧರ್ಮವನ್ನು ನೀವು ಆರಿಸಿಕೊಂಡ ತಾರೀಖನ್ನಷ್ಟೇ ಬರೆಯಿರಿ ಎಂದೆ.

ಮೊದಲು ನಗು. ಆಮೇಲೆ ತರಗತಿ ಸದ್ದಡಗಿತು. ಪೆನ್ನಿನ ಮುಚ್ಚಳ ಕಚ್ಚುವವರು, ಕಿಟಕಿಯ ಕಡೆ ನೋಡುವವರು. ಚೀಟಿಗಳು ಮೇಜಿನ ಮೇಲೆ ಬಂದಾಗ ನಲವತ್ತಕ್ಕಿಂತ ಹೆಚ್ಚು ಖಾಲಿ ಇದ್ದವು. ಕೆಲವರು ತಮ್ಮ ಹುಟ್ಟಿದ ದಿನ ಬರೆದಿದ್ದರು. ವಸಯಿಯ ಒಬ್ಬ ಹುಡುಗ ಮಾತ್ರ ಎದ್ದು ನಿಂತು, ಮ್ಯಾಡಮ್, ನನಗೆ ತಾರೀಖಿದೆ, ಇಗರ್ಜಿಯಲ್ಲಿ ದೃಢೀಕರಣ ಆದ ದಿನ ನಾನೇ ಬಾಯಿಬಿಟ್ಟು ಒಪ್ಪಿಕೊಂಡಿದ್ದೇನೆ ಎಂದ. ಒಳ್ಳೆಯದು, ಅಂದು ನಿನ್ನ ಜೊತೆ ಎಷ್ಟು ಮಕ್ಕಳಿದ್ದರು ಎಂದು ಕೇಳಿದೆ. ನಮ್ಮ ವಯಸ್ಸಿನವರು ಎಲ್ಲರೂ ಇದ್ದೆವು ಎಂದ. ಒಬ್ಬರಾದರೂ ಬೇಡ ಎಂದರೇ? ಅವನು ಸ್ವಲ್ಪ ಹೊತ್ತು ಯೋಚಿಸಿ ಕುಳಿತ. ಜಾಣ ಹುಡುಗ.

ಆ ಕಟ್ಟಿನಲ್ಲೇ ಒಂದು ಚೀಟಿ ಇತ್ತು. ನೀಲಿ ಶಾಯಿ, ದುಂಡಗಿನ ಮರಾಠಿ ಅಂಕಿಗಳು: 14 ಅಕ್ಟೋಬರ್ 1956. ಮೊದಲು ನಾನು ಯಾರದೋ ಕೈತಪ್ಪು ಎಂದುಕೊಂಡೆ. ತರಗತಿಯ ಅತಿ ಹಿರಿಯ ಹುಡುಗನಿಗೂ ಇಪ್ಪತ್ತೊಂದು ದಾಟಿರಲಿಲ್ಲ. ಇದು ಯಾರದು ಎಂದೆ. ಮೂರನೆಯ ಬೆಂಚಿನಿಂದ ಒಬ್ಬಳು ಎದ್ದಳು. ಯಾವತ್ತೂ ಬಾಯಿ ಬಿಡದ ಹುಡುಗಿ. ಮ್ಯಾಡಮ್, ನಮ್ಮ ಅಜ್ಜಿ ಆರಿಸಿಕೊಂಡ ತಾರೀಖು ಅದು, ನಮ್ಮ ಮನೆಯಲ್ಲಿ ಬೇರೆ ಯಾರೂ ಆರಿಸಿಕೊಂಡಿಲ್ಲ, ನನಗೆ ಅಜ್ಜಿಯಿಂದ ಬಂತು ಎಂದಳು.

ಆ ದಿನ ಯಾವುದೆಂದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಬಾಬಾಸಾಹೇಬ ಅಂಬೇಡ್ಕರ್ ಅವರು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ ವಿಜಯದಶಮಿ. ಹಿಂದೂವಾಗಿ ಹುಟ್ಟಿದ್ದೇನೆ, ಹಿಂದೂವಾಗಿ ಸಾಯಲಾರೆ ಎಂದು ನಾಸಿಕ ಜಿಲ್ಲೆಯ ಯೇವಲೆಯಲ್ಲಿ ಅವರು ಘೋಷಿಸಿದ್ದು 1935ರ ಅಕ್ಟೋಬರಿನಲ್ಲಿ. ನಡುವೆ ಇಪ್ಪತ್ತೊಂದು ವರ್ಷ! ಅಷ್ಟು ಓದಿದ ಮನುಷ್ಯ, ಅಷ್ಟು ನೊಂದ ಮನುಷ್ಯ, ಆರಿಸಿಕೊಳ್ಳಲು ಇಪ್ಪತ್ತೊಂದು ವರ್ಷ ತೆಗೆದುಕೊಂಡರು. ನಮ್ಮಲ್ಲಿ ಇಪ್ಪತ್ತೊಂದು ನಿಮಿಷ ಯೋಚಿಸಿದವರು ಎಷ್ಟು ಜನ?

ಆ ಅಜ್ಜಿಯನ್ನು ನೋಡಲೇಬೇಕು ಎನಿಸಿತು. ಒಂದು ಭಾನುವಾರ ಹುಡುಗಿ ನನ್ನನ್ನು ನಾಯಗಾಂವದ ಬಿಡಿಡಿ ಚಾಳಿಗೆ, ಕಾರ್ಮಿಕರ ಹಳೆಯ ವಠಾರಕ್ಕೆ, ಕರೆದುಕೊಂಡು ಹೋದಳು. ಎರಡನೆಯ ಮಹಡಿ, ಉದ್ದನೆಯ ಪಡಸಾಲೆ, ಒಂದೇ ಕೋಣೆಯ ಮನೆ. ಬನ್ನಿ ಬಾಯಿ, ಜಯ್ ಭೀಮ್ ಎಂದು ಅಜ್ಜಿ ಚಾಪೆ ಹಾಸಿದರು. ಗಂಡ ಗಿರಣಿಯಲ್ಲಿದ್ದವರು. 1956ರಲ್ಲಿ ಅಜ್ಜಿಗೆ ಇಪ್ಪತ್ತನಾಲ್ಕು, ಕಂಕುಳಲ್ಲಿ ಒಂದು ಕೂಸು. ಪಕ್ಕದ ಮನೆಯವಳಿಂದ ಬಿಳಿ ಸೀರೆ ಕಡ ತಂದು, ಬೋರಿಬಂದರಿನಲ್ಲಿ ರೈಲು ಹತ್ತಿದರಂತೆ. ಅತ್ತೆ ಬರಲಿಲ್ಲ. ಹೊಸ್ತಿಲಲ್ಲಿ ನಿಂತು, ಹೋಗು, ಆದರೆ ಮನೆಯ ದೇವರನ್ನು ಮುಟ್ಟಬೇಡ ಎಂದಿದ್ದರಂತೆ.

ಮನೆಯ ದೇವರು ಖಂಡೋಬಾ. ನಮ್ಮ ಕಡೆ ಮೈಲಾರಲಿಂಗ ಎನ್ನುತ್ತೇವಲ್ಲ, ಅದೇ. ಬೆಳ್ಳಿಯ ತೆಳು ತಗಡಿನ ಮೇಲೆ ಒತ್ತಿದ ಮೂರ್ತಿ, ಒಲೆಯ ಮೇಲಿನ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ನಾಗಪುರದಿಂದ ಬಂದ ಮೂರನೆಯ ದಿನ ಅಜ್ಜಿ ಅದನ್ನು ಬಟ್ಟೆಯಲ್ಲಿ ಸುತ್ತಿ ದಾದರಿನ ಸಮುದ್ರಕ್ಕೆ ಬಿಟ್ಟು ಬಂದರು. ಅತ್ತೆ ಎರಡು ದಿನ ಊಟ ಮಾಡಲಿಲ್ಲ. ಮುಂದಿನದನ್ನು ಅಜ್ಜಿ ನನಗೆ ಆ ಗೂಡನ್ನು ತೋರಿಸಿಯೇ ಹೇಳಿದರು. ಎಷ್ಟು ಸಲ ಸುಣ್ಣ ಬಳಿದರೂ ಅದರ ಒಳಮೂಲೆಯಲ್ಲಿ ಭಂಡಾರದ, ಅಂದರೆ ಖಂಡೋಬಾನ ಪೂಜೆಯ ಅರಿಶಿನದ, ಹಳದಿ ಇನ್ನೂ ಇಣುಕುತ್ತಿತ್ತು.

ಮನಸ್ಸು ಒಂದೇ ದಿನದಲ್ಲಿ ಬದಲಾಯಿತು ಬಾಯಿ, ಈ ಕೈ ಬದಲಾಗಲಿಲ್ಲ ಎಂದರು ಅಜ್ಜಿ. ಬೆಳಗ್ಗೆ ಎದ್ದು ನೀರು ಹಾಕಿಕೊಂಡ ಕೂಡಲೇ ಕೈ ತಾನಾಗಿ ಕಡ್ಡಿಪೆಟ್ಟಿಗೆ ಹಿಡಿದು ಗೂಡಿನ ಹತ್ತಿರ ಹೋಗಿ ನಿಲ್ಲುತ್ತಿತ್ತಂತೆ. ಖಾಲಿ ಗೂಡು, ಉರಿಯುವ ಕಡ್ಡಿ. ಹಚ್ಚಲು ದೀಪವಿಲ್ಲ. ಬೆರಳು ಸುಡುವವರೆಗೆ ಹಿಡಿದು ಆರಿಸುತ್ತಿದ್ದರಂತೆ. ಕೊನೆಗೆ ಏನು ಮಾಡಿದರು ಗೊತ್ತೇ? ಆ ಗೂಡಿನಲ್ಲಿ ಉಪ್ಪಿನ ಡಬ್ಬಿ ಇಟ್ಟರು. ಕೈ ಹೋದರೆ ಉಪ್ಪು ತೆಗೆದುಕೊಂಡು ಬರಲಿ ಎಂದು. ಆರು ತಿಂಗಳು ಉಪ್ಪಿನ ಡಬ್ಬಿ ಅಲ್ಲಿತ್ತು. ಆಮೇಲೆ ಬುದ್ಧನ ಒಂದು ಸಣ್ಣ ಪಟ ತಂದು ಇಟ್ಟರು.

ಅಜ್ಜಿ ಇದನ್ನು ಹೇಳುತ್ತಿರುವಾಗಲೇ ಮೊಮ್ಮಗಳು ನನಗೆ ಚಹಾ ಮಾಡಲು ಎದ್ದಳು. ಒಲೆಯ ಮುಂದೆ ನಿಂತು, ಕಡ್ಡಿ ಗೀರುವ ಮೊದಲು, ನಮ್ಮತ್ತ ತಿರುಗಿಯೂ ನೋಡದೆ, ಬುದ್ಧನ ಪಟದ ಕಡೆಗೆ ಎರಡು ಬೆರಳು ಎತ್ತಿ ಹಣೆಗೆ ಮುಟ್ಟಿಸಿಕೊಂಡಳು. ಅವಳಿಗೆ ಗೊತ್ತೇ ಆಗಲಿಲ್ಲ. ಅಜ್ಜಿ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಅಜ್ಜಿ ಬೆರಳು ಸುಟ್ಟುಕೊಂಡು ಗಳಿಸಿದ್ದು ಮೊಮ್ಮಗಳ ಕೈಗೆ ಹಾಗೆಯೇ ಬಂದಿತ್ತು. ಒಬ್ಬರು ಆರಿಸಿಕೊಳ್ಳುತ್ತಾರೆ, ಉಳಿದವರಿಗೆ ಮನೆಯಿಂದ ಬರುತ್ತದೆ.

ನಮ್ಮ ಲಿಂಗಾಯತರ ಕಥೆಯೂ ಇದೇ. ಹನ್ನೆರಡನೆಯ ಶತಮಾನದ ಕಲ್ಯಾಣಕ್ಕೆ ಬಂದವರು ಯಾರು? ಬಸವಣ್ಣನವರು ಜನಿವಾರ ಬಿಟ್ಟು ಬಂದರು. ಅಕ್ಕ ಉಡುತಡಿಯ ಅರಮನೆ ಬಿಟ್ಟು ನಡೆದು ಬಂದಳು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಇವರಲ್ಲಿ ಒಬ್ಬರಿಗಾದರೂ ಆ ದಾರಿ ತಂದೆಯ ಮನೆಯಿಂದ ಬಂದಿತ್ತೇ? ಎಲ್ಲರೂ ಆರಿಸಿಕೊಂಡವರು. ಅವರ ಹೆಸರು ಹೇಳುವ ಮನೆತನದಲ್ಲಿ ಹುಟ್ಟಿದ ನನಗೋ, ಹುಟ್ಟುವ ಮೊದಲೇ ಎಲ್ಲವೂ ತೀರ್ಮಾನವಾಗಿತ್ತು. ಅವ್ವನಿಗೆ ಎಂಟು ತಿಂಗಳಾಗಿದ್ದಾಗಲೇ, ಹೊಟ್ಟೆಯಲ್ಲಿದ್ದ ನನ್ನ ಹೆಸರಿನಲ್ಲಿ ಅಯ್ಯನವರು ಲಿಂಗ ಕೊಟ್ಟಿದ್ದರು. ಇದನ್ನು ದೂರಾಗಿ ಹೇಳುತ್ತಿಲ್ಲ, ದಯವಿಟ್ಟು ಹಾಗೆ ಕೇಳಿಸಿಕೊಳ್ಳಬೇಡಿ. ಬಸವಣ್ಣನವರು ಆರಿಸಿಕೊಂಡರು, ನನಗೆ ಮನೆಯಿಂದ ಬಂತು ಎಂದಷ್ಟೇ ಹೇಳುತ್ತಿದ್ದೇನೆ.

ಸಮಯ ಓಡುತ್ತಿದೆ, ಕಾನೂನಿನ ಮಾತು ಬೇಗ ಹೇಳಿ ಮುಗಿಸುತ್ತೇನೆ. ಸಂವಿಧಾನದ 25ನೆಯ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಆ ಸ್ವಾತಂತ್ರ್ಯ ಪ್ರತಿ ವ್ಯಕ್ತಿಯದು, ಮನೆಯ ಯಜಮಾನನದಲ್ಲ. ಆದರೆ ಜನಗಣತಿಯವರು ಬಾಗಿಲಿಗೆ ಬಂದಾಗ ಏನಾಗುತ್ತದೆ? ಯಜಮಾನ ಒಂದು ಧರ್ಮ ಹೇಳುತ್ತಾನೆ, ತೊಟ್ಟಿಲಲ್ಲಿರುವ ಮಗುವಿನ ಸಾಲಿನಲ್ಲೂ ಅದೇ ಬರೆಯಲಾಗುತ್ತದೆ. 2011ರಲ್ಲಿ ಧರ್ಮ ತಿಳಿಸದೇ ಇದ್ದವರು 121 ಕೋಟಿಯಲ್ಲಿ ಸುಮಾರು 29 ಲಕ್ಷ ಮಾತ್ರ. ನಮ್ಮ ಬಾಂಬೆ ಹೈಕೋರ್ಟೇ 2014ರಲ್ಲಿ ಸ್ಪಷ್ಟವಾಗಿ ಹೇಳಿದೆ, ಧರ್ಮ ಘೋಷಿಸುವಂತೆ ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ, ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವ ಹಕ್ಕೂ ನಾಗರಿಕರಿಗಿದೆ ಎಂದು. ಇದು ಎಷ್ಟು ತಂದೆತಾಯಿಗೆ ಗೊತ್ತು?

ಇದೇ ಹೈಕೋರ್ಟು 1908ರಲ್ಲಿ ಪಾರ್ಸಿಗಳ ಒಂದು ಮೊಕದ್ದಮೆ ಕೇಳಿತ್ತು. ಉದ್ಯಮಿ ಆರ್. ಡಿ. ಟಾಟಾ ಅವರ ಫ್ರೆಂಚ್ ಪತ್ನಿ ಪಾರ್ಸಿಗಳ ಜರತುಷ್ಟ್ರ ಧರ್ಮ ಸ್ವೀಕರಿಸಿದ್ದರು. ಧರ್ಮಕ್ಕೆ ಹೊರಗಿನವರು ಸೇರಬಹುದು, ಆದರೆ ಪಾರ್ಸಿ ಎನಿಸಿಕೊಳ್ಳಲು ಆ ವಂಶದಲ್ಲಿ ಹುಟ್ಟಿರಬೇಕು ಎಂದು ತೀರ್ಪು ಬಂತು. ಬಾಗಿಲು ತೆರೆದಿದೆ, ಒಳಗೆ ಜಾಗವಿಲ್ಲ ಎಂದಂತೆ. ಇದರ ಬಗ್ಗೆಯೇ ಒಂದು ಭಾಷಣ ಮಾಡಬಹುದು, ಇವತ್ತು ಬಿಡುತ್ತೇನೆ. ಮಾಹಿಮಿನ ಇಗರ್ಜಿಗೆ ಬುಧವಾರ ಮೇಣದ ಬತ್ತಿ ಹಿಡಿದು ಹೋಗುವ ನಮ್ಮ ಕನ್ನಡದ ಹೆಂಗಸರ ಬಗ್ಗೆಯೂ ಹೇಳಬೇಕೆಂದಿದ್ದೆ. ಅವರನ್ನು ಅಲ್ಲಿಗೆ ಯಾವ ಮನೆತನವೂ ಕಳುಹಿಸಿಲ್ಲ, ತಾವಾಗಿಯೇ ಹೋಗುತ್ತಾರೆ.

ಮಕ್ಕಳಿರುವವರಿಗೆ ಒಂದು ಮಾತು. ಹದಿನಾಲ್ಕು ವರ್ಷದ ಮಗ, ನಾನೇಕೆ ಪೂಜೆಗೆ ಕೂರಬೇಕು, ನಾನು ಇದನ್ನು ಆರಿಸಿಕೊಂಡಿಲ್ಲವಲ್ಲ ಎಂದು ಕೇಳಿದರೆ ಕಪಾಳಕ್ಕೆ ಕೈ ಎತ್ತಬೇಡಿ. ಅವನು ಸುಳ್ಳು ಹೇಳುತ್ತಿಲ್ಲ. ನೀವೂ ಆರಿಸಿಕೊಂಡಿಲ್ಲ. ಹೌದಪ್ಪ, ನನಗೂ ಮನೆಯಿಂದ ಬಂದದ್ದು ಎಂದು ಅವನ ಪಕ್ಕದಲ್ಲಿ ಕುಳಿತು ಹೇಳಿ. ಅಷ್ಟು ಹೇಳಲು ನಮಗೆ ಏಕೆ ಇಷ್ಟು ಕಷ್ಟ ಎಂದು ನನಗೆ ಇಂದಿಗೂ ಅರ್ಥವಾಗಿಲ್ಲ.

ನಾಯಗಾಂವದಿಂದ ಮನೆಗೆ ಬಂದ ರಾತ್ರಿ ನಾನೂ ಒಂದು ಚೀಟಿ ತೆಗೆದುಕೊಂಡು ಕುಳಿತೆ. ನಲವತ್ತೆರಡು ವರ್ಷ, ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರಲ್ಲಿ ಇಷ್ಟಲಿಂಗ. ಬರೆಯಲು ತಾರೀಖಿಲ್ಲ. ಅಂದಿನಿಂದ ವಚನಗಳನ್ನು ಮೊದಲಿನಿಂದ ಓದಿದೆ, ಪಾಠಕ್ಕೆಂದಲ್ಲ, ನನಗೆಂದು. ಬೌದ್ಧರ ಗ್ರಂಥಗಳನ್ನೂ ಓದಿದೆ, ಏನೂ ಬೇಡ ಎನ್ನುವವರ ಜೊತೆಗೂ ವಾದ ಮಾಡಿದೆ. ಮೂರು ವರ್ಷ ಹಿಡಿಯಿತು. ಆಮೇಲೆ ಊರಿಗೆ ಹೋಗಿ ಸ್ವಾಮಿಗಳ ಮುಂದೆ ಕುಳಿತು, ನನಗೆ ದೀಕ್ಷೆ ಕೊಡಿ ಎಂದೆ. ನಿನಗೆ ಆಗಿದೆಯಲ್ಲ ತಾಯಿ ಎಂದರು. ಅದು ಅವ್ವ ಕೇಳಿದ್ದು, ಇದು ನಾನು ಕೇಳುತ್ತಿರುವುದು ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ನೀರು ತರಲು ಹೇಳಿದರು.

18 ಆಗಸ್ಟ್ 1997, ಶ್ರಾವಣ ಸೋಮವಾರ. ಆ ಚೀಟಿ ಈಗಲೂ ನನ್ನ ಕಪಾಟಿನಲ್ಲಿದೆ. ಅದರ ಪಕ್ಕದಲ್ಲಿ ಮಗನ ಹೆಸರಿನ ಒಂದು ಚೀಟಿ ಇಟ್ಟಿದ್ದೇನೆ, ಖಾಲಿ. ಅವನಿಗೆ ಈಗ ಮೂವತ್ತಾರು. ನಾನು ಕೇಳಿಲ್ಲ. ನಮಸ್ಕಾರ.